ನದಿಯ ಮೋಜಿಗೆ ಮಿತಿ ಬೇಕು, ಮಿತಿಗೆ ನ್ಯಾಯ ಬೇಕು

ಹಬ್ಬದ ಮರುದಿನ ಹೊಸಪೇಟೆ, ಸಂಡೂರು, ಕಂಪ್ಲಿಗಳ ಎಷ್ಟೋ ಕುಟುಂಬಗಳು ಬುತ್ತಿ ಕಟ್ಟಿಕೊಂಡು ತುಂಗಭದ್ರೆಯ ದಡ ಸೇರುತ್ತವೆ. ಮಕ್ಕಳು ನೀರಿಗಿಳಿಯುತ್ತಾರೆ, ಹಿರಿಯರು ಹರಿಗೋಲು ಹತ್ತುತ್ತಾರೆ, ಯುವಕರು ಬಂಡೆಯ ಮೇಲಿಂದ ಜಿಗಿಯುತ್ತಾರೆ. ದುಡಿದು ದಣಿದವರು ಒಂದು ದಿನ ನದಿಯ ಬಳಿ ಕಳೆಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನಾವು ಇಳಿಯುವ ಆ ನೀರು ಕಾನೂನಿನ ರಕ್ಷಣೆ ಪಡೆದ ಪ್ರದೇಶ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಅಣೆಕಟ್ಟಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವನ್ನು ರಾಜ್ಯ ಸರಕಾರವು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಹಂಪಿಯ ಬಂಡೆಗಳ ನಡುವೆ ಹರಿಯುವ ನದಿಯೂ ಇದರೊಳಗೇ ಸೇರಿದೆ. ನೀರುನಾಯಿ ಒಂಟಿ ಪ್ರಾಣಿಯಲ್ಲ. ಸಂಸಾರ ಸಮೇತ ಬದುಕುತ್ತದೆ. ದಡದ ಬಿಲ ಮತ್ತು ಬಂಡೆಗಳ ಸಂದುಗಳಲ್ಲಿ ಮರಿ ಸಾಕುತ್ತದೆ. ಅದಕ್ಕೆ ಬೇಕಾದುದು ಮೀನು, ಶುದ್ಧ ನೀರು ಮತ್ತು ಗದ್ದಲವಿಲ್ಲದ ದಡ. ಈ ಮೂರೂ ಉಳಿದರೆ ಮೀನುಗಾರನ ಬಲೆಯೂ ತುಂಬುತ್ತದೆ, ನಮ್ಮ ಕುಡಿಯುವ ನೀರೂ ಶುದ್ಧವಾಗಿರುತ್ತದೆ. ಆದ್ದರಿಂದ ನೀರುನಾಯಿಯ ರಕ್ಷಣೆ ಕೇವಲ ಪ್ರಾಣಿಪ್ರಿಯರ ಹವ್ಯಾಸವಲ್ಲ.

ನಿರ್ಬಂಧಕ್ಕೆ ಇನ್ನೊಂದು ಕಾರಣವೂ ಇದೆ. ಅದು ಮನುಷ್ಯ ಜೀವ. 2025ರ ಫೆಬ್ರವರಿಯಲ್ಲಿ ಸಾಣಾಪುರದ ಬಳಿ ಬಂಡೆಯ ಮೇಲಿಂದ ನದಿಗೆ ಹಾರಿದ ಯುವ ವೈದ್ಯೆಯೊಬ್ಬರು ಜೀವಂತವಾಗಿ ಮರಳಲಿಲ್ಲ. ತುಂಗಭದ್ರೆ ಇಲ್ಲಿ ಸ್ವಭಾವದಿಂದ ಹರಿಯುವ ನದಿಯಲ್ಲ, ಅಣೆಕಟ್ಟು ಬಿಟ್ಟಷ್ಟು ಹರಿಯುವ ನದಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕೆಳದಂಡೆಯ ಊರುಗಳು ಅನುಭವಿಸಿದ ಆತಂಕವನ್ನು ನಾವು ಮರೆತಿಲ್ಲ. ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆಯೇ ಮುಳುಗುತ್ತದೆ. ಅಂತಹ ನದಿಯಲ್ಲಿ ಈಜು ಬಲ್ಲವನೆಂಬ ಧೈರ್ಯ ಎಷ್ಟರಮಟ್ಟಿಗೆ ಕಾಪಾಡೀತು?

ಆದುದರಿಂದ ನಿರ್ಬಂಧ ಬೇಕು. ಆದರೆ ಅದು ಯಾರ ಮೇಲೆ, ಹೇಗೆ ಎಂಬ ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಅವಘಡವೊಂದು ನಡೆದೊಡನೆ ಹರಿಗೋಲು ನಿಲ್ಲಿಸಿ ಎಂಬ ಆದೇಶ ಹೊರಡುವುದು ಸುಲಭ. ಅಂದಿನ ಅನ್ನ ಕಳೆದುಕೊಳ್ಳುವವನು ಹುಟ್ಟು ಹಾಕುವ ಬಡ ಅಂಬಿಗ. ವಿರೂಪಾಪುರಗಡ್ಡೆಯ ಅಕ್ರಮ ರೆಸಾರ್ಟ್‌ಗಳ ವಿಷಯದಲ್ಲಿ ಇಂತಹ ಅವಸರ ಕಾಣಲಿಲ್ಲ. ಅವು ವರ್ಷಗಟ್ಟಲೆ ನಡೆದವು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಬಳಿಕವೇ ಮಾರ್ಚ್‌ನಲ್ಲಿ ನೆಲಸಮಗೊಂಡವು. ಸಂಡೂರಿನ ಗುಡ್ಡಗಳನ್ನು ಅಗೆದವರ ಕತೆಯೂ ಅಷ್ಟೇ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೆ ಆಡಳಿತದ ಕಣ್ಣಿಗೆ ಆ ಕೆಂಧೂಳು ಬೀಳಲಿಲ್ಲ. ಬಡವನ ಹರಿಗೋಲನ್ನು ಒಂದೇ ದಿನದಲ್ಲಿ ನಿಲ್ಲಿಸುವ ಕಾನೂನು ಶ್ರೀಮಂತನ ಬಾಗಿಲಲ್ಲಿ ವರ್ಷಗಟ್ಟಲೆ ಕಾಯುವುದಾದರೆ ಜನರಿಗೆ ಆ ಕಾನೂನಿನ ಮೇಲೆ ಗೌರವ ಹುಟ್ಟುವುದಾದರೂ ಹೇಗೆ?

ಕಾನೂನು ಮಾತ್ರ ಇಷ್ಟು ಕುರುಡಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸಂರಕ್ಷಣಾ ಮೀಸಲು ಎಂಬ ವ್ಯವಸ್ಥೆ ಸೇರಿದ್ದು 2002ರ ತಿದ್ದುಪಡಿಯಿಂದ. ಸ್ಥಳೀಯರೊಡನೆ ಸಮಾಲೋಚಿಸಿ ಮೀಸಲನ್ನು ಘೋಷಿಸಬೇಕು, ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯತಿನ ಪ್ರತಿನಿಧಿಗಳಿರಬೇಕು ಎಂದು ಅದು ಹೇಳುತ್ತದೆ. ಸಿಡಿಮದ್ದು, ರಾಸಾಯನಿಕಗಳ ಬಳಕೆಯನ್ನು ಅದು ನಿಷೇಧಿಸುತ್ತದೆ. ಹಾಗಿರುವಾಗ ಮೊದಲು ನಿಲ್ಲಬೇಕಾದುದು ಸಿಡಿಮದ್ದು ಎಸೆದು ಮೀನು ಹಿಡಿಯುವ ಕ್ರೌರ್ಯ. ನೀರುನಾಯಿ ಮರಿ ಮಾಡುವ ತಾಣಗಳನ್ನು ಗುರುತಿಸಿ ಅಲ್ಲಿಗೆ ಯಾರೂ ಹೋಗದಂತೆ ನೋಡಿಕೊಳ್ಳಲಿ. ಉಳಿದ ಕಡೆ ನಿಗದಿತ ಜಾಗ, ನಿಗದಿತ ವೇಳೆಯಲ್ಲಿ, ಪರವಾನಗಿ ಪಡೆದ ಸ್ಥಳೀಯ ಅಂಬಿಗರ ಹರಿಗೋಲುಗಳು ಮಾತ್ರ ಸಾಗಲಿ. ಲೈಫ್ ಜಾಕೆಟ್ ಕಡ್ಡಾಯವಾಗಲಿ. ನೀರು ಬಿಡುವ ಮುನ್ನ ದಡದಲ್ಲಿರುವವರಿಗೆ ಕೇಳಿಸುವಂತೆ ಎಚ್ಚರಿಕೆ ಮೊಳಗಲಿ. ನದಿಯನ್ನು ಬಲ್ಲ ಅಂಬಿಗನನ್ನೇ ಅದರ ಕಾವಲುಗಾರನನ್ನಾಗಿ ಮಾಡುವುದು ಅವನನ್ನು ಓಡಿಸುವುದಕ್ಕಿಂತ ವಿವೇಕದ ಕೆಲಸ.

ಸರಕಾರಕ್ಕೆ ಇಷ್ಟು ಹೇಳಿದ ಮೇಲೆ ನಮಗೂ ಒಂದು ಮಾತು ಹೇಳಿಕೊಳ್ಳಬೇಕು. ಊಟ ಮುಗಿಸಿ ಎದ್ದ ಮೇಲೆ ದಡದಲ್ಲಿ ನಾವು ಬಿಟ್ಟುಬರುವುದೇನು? ಪ್ಲಾಸ್ಟಿಕ್ ತಟ್ಟೆ, ಒಡೆದ ಬಾಟಲಿ, ಎಂಜಲು. ಅವನ್ನು ಎತ್ತಿ ತರಲು ಯಾವ ಕಾಯ್ದೆ ಬೇಕು? ಮೊಬೈಲ್ ಹಿಡಿದು ಬಂಡೆಯ ಅಂಚಿಗೆ ಹೋಗುವ ಮಗನನ್ನು ಹಿಂದಕ್ಕೆ ಕರೆಯಲು ಪೋಲೀಸರೇ ಬರಬೇಕೆ? ಈ ನದಿ ನಮ್ಮ ಒಂದು ದಿನದ ಮೋಜಿಗಾಗಿ ಇರುವುದಲ್ಲ. ನಾಳೆ ನಮ್ಮ ಮಕ್ಕಳಿಗೂ ಅದು ಬೇಕು, ದಡದ ಬಿಲದಲ್ಲಿ ಮರಿಯೊಡನೆ ಅಡಗಿರುವ ಆ ಮೂಕ ಜೀವಕ್ಕೂ ಬೇಕು.