ರಜೆ ಮುಗಿಸಿ ಬಂದ ಮಗುವಿಗೆ ಹತ್ತು ಸುತ್ತಿನ ಶಿಕ್ಷೆಯೇ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದಾರೆ. ಕೆಲವರು ಪಟ್ಟಣಗಳ ಖಾಸಗಿ ಅಕಾಡೆಮಿಗಳಲ್ಲಿ ತರಬೇತುದಾರರು. ಉಳಿದವರಲ್ಲಿ ಬಹಳಷ್ಟು ಮಂದಿ, ನಮ್ಮ ಬಂಧುವರ್ಗದ ಕಿರಿಯರೂ ಸೇರಿದಂತೆ, ಬೆಳಗಿನ ಐದೂವರೆಗೇ ಮಕ್ಕಳನ್ನು ಎಬ್ಬಿಸಿ ಈಜುಕೊಳಕ್ಕೋ ಬ್ಯಾಡ್ಮಿಂಟನ್ ಅಂಗಣಕ್ಕೋ ಕರೆದೊಯ್ಯುವ ತಂದೆ ತಾಯಿಗಳು. ಇಂದು ಬರೆಯಹೊರಟಿರುವ ವಿಷಯ ಈ ಎರಡೂ ವರ್ಗದವರಿಗೆ ರುಚಿಸಲಾರದು. ಆದರೂ ಬರೆಯುತ್ತೇನೆ. ಮೇಷ್ಟ್ರ ಮಾತು ಯಾವಾಗ ತಾನೇ ರುಚಿಸಿತ್ತು!

ಕೆಲವು ದಿನ ಅಭ್ಯಾಸಕ್ಕೆ ಬಾರದಿದ್ದು ಮರಳಿ ಬಂದ ಮಗುವನ್ನು ಮೈದಾನದಲ್ಲಿ ಶಿಕ್ಷಿಸುವ ಒಂದು ಪದ್ಧತಿ ನಮ್ಮಲ್ಲಿ ಬೇರೂರಿದೆ. ಹತ್ತು ಸುತ್ತು ಓಡು, ಐವತ್ತು ಬಸ್ಕಿ ಹೊಡೆ, ಒಂದು ವಾರ ಬರೀ ಚೆಂಡು ಹೆಕ್ಕು, ತಂಡದಿಂದ ಹೊರಗೆ ನಿಲ್ಲು. ಇದಕ್ಕೆ ನಾವು ಕೊಟ್ಟಿರುವ ಹೆಸರು ಶಿಸ್ತು. ನನ್ನ ದೃಷ್ಟಿಯಲ್ಲಿ ಇದು ಅಜ್ಞಾನ. ಅಷ್ಟೇ ಅಲ್ಲ, ಮಗುವಿನ ಮೈಗೆ ಅಪಾಯಕಾರಿಯಾದ ಅಜ್ಞಾನ. ನಾನು ದೈಹಿಕ ಶಿಕ್ಷಕನಲ್ಲ, ಜೀವಶಾಸ್ತ್ರ ಬೋಧಿಸಿದವನು. ಆದರೆ ಸ್ನಾಯು, ಮೂಳೆ, ಮೂತ್ರಪಿಂಡಗಳ ವಿಷಯ ಜೀವಶಾಸ್ತ್ರದ್ದೇ ಆದುದರಿಂದ ಈ ಬಗ್ಗೆ ಮಾತನಾಡುವ ಅಧಿಕಾರ ನನಗುಂಟು ಎಂದು ಭಾವಿಸಿದ್ದೇನೆ.

ಮೊದಲು, ಮಕ್ಕಳು ಅಭ್ಯಾಸ ತಪ್ಪಿಸುವುದಾದರೂ ಏಕೆ ಎಂಬುದನ್ನು ನೋಡೋಣ. ನಮ್ಮ ಅರೆಮಲೆನಾಡಿನ ಶಾಲೆಗಳಲ್ಲಿ ಆಟೋಟಗಳ ಸಿದ್ಧತೆ ನಡೆಯುವುದು ಮಳೆಗಾಲದಲ್ಲಿ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಒಂದರ ಹಿಂದೊಂದು ಪಂದ್ಯಗಳು. ಗದ್ದೆಯ ನಾಟಿಯೂ ಅದೇ ಕಾಲದ್ದು. ಆಳು ಸಿಗದ ಮನೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿ ಸಸಿ ಮಡಿಗೆ ಇಳಿಯಲೇಬೇಕು. ಡೆಂಗಿ, ಟೈಫಾಯ್ಡ್, ಕೆಮ್ಮು ನೆಗಡಿಗಳ ಕಾಲವೂ ಅದೇ. ಎಸ್ಸೆಸ್ಸೆಲ್ಸಿಯ ಮಕ್ಕಳಿಗೆ ಪರೀಕ್ಷೆಯ ಭಯ. ಹೆಣ್ಣುಮಕ್ಕಳಿಗೆ ತಿಂಗಳ ಮೂರು ದಿನಗಳ ಸಂಕಟ, ಅದನ್ನು ಗಂಡು ಮೇಷ್ಟ್ರ ಮುಂದೆ ಹೇಳಿಕೊಳ್ಳಲಾರದ ಇನ್ನೊಂದು ಸಂಕಟ. ಇವಲ್ಲದೆ ಸುಮ್ಮನೆ ಬೇಸರವಾಗಿ ಬಾರದ ಮಕ್ಕಳೂ ಇದ್ದಾರೆ. ಇರಲಿ, ಅದೂ ಒಂದು ಕಾರಣವೇ. ಆ ಬಗ್ಗೆ ಮುಂದೆ ಹೇಳುತ್ತೇನೆ.

ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಎಂಟುನೂರು ಮೀಟರ್ ಓಟಗಾರ್ತಿಯೊಬ್ಬಳಿದ್ದಳು. ಓಡುವಾಗ ಭುಜ ಅಲುಗಾಡುತ್ತಲೇ ಇರಲಿಲ್ಲ. ತಲೆಯ ಮೇಲೆ ನೀರಿನ ಕೊಡ ಇಟ್ಟರೂ ತುಳುಕದು ಎಂದು ನಾವು ಹೇಳುತ್ತಿದ್ದೆವು. ನಾಟಿಯ ಹದಿನೈದು ದಿನ ಆಕೆ ಶಾಲೆಗೆ ಬಂದರೂ ಸಂಜೆಯ ಅಭ್ಯಾಸಕ್ಕೆ ನಿಲ್ಲಲಿಲ್ಲ. ಹದಿನಾರನೆಯ ದಿನ ಬಂದಾಗ ಮೈದಾನದ ಹೊಣೆ ಹೊತ್ತಿದ್ದವರು ಎಲ್ಲರೆದುರು, "ಬಂದ್ರಾ ಮಹಾರಾಣಿಯವರು?" ಎಂದು ಕೇಳಿ ಹತ್ತು ಸುತ್ತು ಓಡಿಸಿದರು. ಏಳನೆಯ ಸುತ್ತಿನಲ್ಲಿ ಆಕೆ ವಾಂತಿ ಮಾಡಿಕೊಂಡಳು. ರಿಲೇ ತಂಡದಿಂದಲೂ ಹೆಸರು ತೆಗೆಯಲಾಯಿತು. ನಾನು ಅಂದೇ ಆಕ್ಷೇಪಿಸಿದೆ. "ನೀವು ನಿಮ್ಮ ಸೈನ್ಸ್ ನೋಡ್ಕೊಳ್ಳಿ ಸಾರ್" ಎಂಬ ಉತ್ತರ ಬಂತು. ಆ ಹುಡುಗಿ ಮತ್ತೆ ಮೈದಾನಕ್ಕೆ ಕಾಲಿಡಲಿಲ್ಲ. ಹದಿನೈದು ದಿನ ಸೊಂಟ ಬಗ್ಗಿಸಿ ನಾಟಿ ಹಾಕಿದವಳನ್ನು ಸೋಮಾರಿ ಎಂದು ಕರೆಯಲು ಎಷ್ಟು ಧೈರ್ಯ ಬೇಕು, ಯೋಚಿಸಿ!

ಈಗ ಅವರು ನೋಡಿಕೊಳ್ಳಿ ಎಂದ ಆ ಸೈನ್ಸಿನ ವಿಷಯಕ್ಕೇ ಬರೋಣ.

ಸ್ನಾಯು ಬಲಗೊಳ್ಳುವುದು ಓಡುವಾಗಲ್ಲ, ಓಡಿದ ಮೇಲೆ ಉಂಡು ಮಲಗಿದಾಗ. ಶ್ರಮ ಅದನ್ನು ದಣಿಸುತ್ತದೆ. ವಿಶ್ರಾಂತಿಯಲ್ಲಿ ದೇಹವು ಆ ದಣಿವನ್ನು ರಿಪೇರಿ ಮಾಡುತ್ತ ಮೊದಲಿಗಿಂತ ಕೊಂಚ ಗಟ್ಟಿಯಾಗಿ ಕಟ್ಟುತ್ತದೆ. ಒಂದು ವಾರ ಬಿಟ್ಟರೆ ಆರೋಗ್ಯವಂತ ಮಗು ಕಳೆದುಕೊಳ್ಳುವುದು ಅತ್ಯಲ್ಪ. ಎರಡರಿಂದ ನಾಲ್ಕು ವಾರ ಬಿಟ್ಟರೆ ದಮ್ಮು ಸ್ವಲ್ಪ ಇಳಿಯುವುದು ನಿಜ. ಆದರೆ ಮೊದಲ ಸಲ ಗಳಿಸಲು ಹಿಡಿದ ಕಾಲಕ್ಕಿಂತ ಬೇಗನೆ ಅದು ಮರಳುತ್ತದೆ. ಮರಳುವ ಆ ಮೊದಲ ಕೆಲವು ದಿನಗಳೇ ಅತ್ಯಂತ ಸೂಕ್ಷ್ಮ. ಬಿಡುವಿನಲ್ಲಿದ್ದ ಸ್ನಾಯುವಿನ ಮೇಲೆ ಒಮ್ಮೆಗೇ ಹೊರೆ ಹೇರಿದರೆ ಅದರ ಕೋಶಗಳು ಒಡೆದು ಒಳಗಿನ ದ್ರವ್ಯ ರಕ್ತಕ್ಕೆ ಸೇರುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡಕ್ಕೆ ಧಕ್ಕೆಯಾಗುತ್ತದೆ. ವೈದ್ಯರು ಇದನ್ನು ರ‍್ಯಾಬ್ಡೊಮಯೊಲಿಸಿಸ್ ಎನ್ನುತ್ತಾರೆ. 2011ರ ಜನವರಿಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಚಳಿಗಾಲದ ಬಿಡುವು ಮುಗಿಸಿ ಬಂದಾಗ ಅವರಿಂದ ಭಾರ ಹೊತ್ತ ನೂರು ಬಸ್ಕಿಗಳನ್ನು ಮಾಡಿಸಲಾಯಿತು. 13 ಆಟಗಾರರು ಇದೇ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. ಅವರು ಹಾಲು ಮಾಂಸ ಉಂಡು ಬೆಳೆದ ಇಪ್ಪತ್ತರ ಆಸುಪಾಸಿನ ಆಳುಗಳು. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಐದು ಕಿಲೋಮೀಟರ್ ನಡೆದು ಬರುವ ನಮ್ಮ ಹದಿಮೂರರ ಮಕ್ಕಳಿಗೆ ಬಸ್ಕಿ ಹೊಡೆಸುವವರು ಈ ಘಟನೆಯನ್ನು ಒಮ್ಮೆ ನೆನೆಯಬೇಕು.

ಜ್ವರದಿಂದ ಎದ್ದು ಬಂದ ಮಗುವಿನ ವಿಷಯದಲ್ಲಿ ಇನ್ನೂ ಎಚ್ಚರ ಅಗತ್ಯ. ಕೆಲವು ವೈರಾಣುಗಳು ಹೃದಯದ ಸ್ನಾಯುವಿಗೂ ಉರಿಯೂತ ತರಬಲ್ಲವು. ಆ ಸ್ಥಿತಿಯಲ್ಲಿ ಬಿರುಸಾಗಿ ಓಡಿಸಿದರೆ ಜೀವಕ್ಕೇ ಅಪಾಯ. ಇನ್ನು ಮೂಳೆಗಳ ವಿಷಯ. ಹದಿಹರೆಯದಲ್ಲಿ ಮೂಳೆಗಳ ತುದಿಗಳು ಇನ್ನೂ ಮೃದ್ವಸ್ಥಿಯಾಗಿರುತ್ತವೆ, ಅಲ್ಲಿಂದಲೇ ಅವು ಉದ್ದ ಬೆಳೆಯುವುದು. ಮೊಣಕಾಲ ಕೆಳಗೆ ಗಂಟು ಬಂದು ನೋಯುವುದು, ಹಿಮ್ಮಡಿ ನೋಯುವುದು, ವೇಗದ ಬೌಲಿಂಗ್ ಮಾಡುವ ಹುಡುಗರಿಗೆ ಸೊಂಟದ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳುವುದು, ಇವೆಲ್ಲ ಬೆಳೆಯುವ ಮೈ ಬಿಡುವು ಕೇಳುವ ರೀತಿ. "ನೋವಿದೆ ಸಾರ್" ಎಂದ ಹುಡುಗನಿಗೆ "ನಾಟಕ ಆಡ್ತೀಯಾ?" ಎಂದು ಉತ್ತರಿಸುವವರು ಆ ಬಿರುಕನ್ನು ತಮ್ಮ ಬರಿಗಣ್ಣಿನಿಂದಲೇ ಕಾಣಬಲ್ಲವರಿರಬೇಕು!

ನಮ್ಮ ಊರಿನಲ್ಲಿ ಸೋಮವಾರ ಎತ್ತುಗಳಿಗೆ ನೊಗ ಹೂಡುತ್ತಿರಲಿಲ್ಲ. ಅದು ಬಸವಣ್ಣನ ದಿನ. ಎಂಥ ಹದ ಮಳೆ ಬಂದಿದ್ದರೂ ಸರಿ, ನನ್ನ ತಾತ ಎತ್ತುಗಳನ್ನು ಕೊಟ್ಟಿಗೆಯಿಂದ ಬಿಟ್ಟು ಮೈ ತೊಳೆಸಿ ಮೇಯಲು ಕಳಿಸುತ್ತಿದ್ದರು. ಮಂಗಳವಾರ ಬೆಳಿಗ್ಗೆ ಆ ಎತ್ತುಗಳಿಗೆ "ನಿನ್ನೆ ಯಾಕೆ ಬರಲಿಲ್ಲ?" ಎಂದು ಬಾರುಕೋಲಿನ ಏಟು ಕೊಟ್ಟದ್ದನ್ನು ನಾನು ಕಂಡಿಲ್ಲ. ಅಕ್ಷರ ಬಾರದ ರೈತನಿಗೆ ಇದ್ದ ಈ ತಿಳಿವಳಿಕೆ ಪದವಿ ಪಡೆದ ನಮಗೇಕಿಲ್ಲ? ಅಮೆರಿಕದ ಶಿಶುವೈದ್ಯರ ಅಕಾಡೆಮಿಯು 2007ರಲ್ಲಿ ಮಕ್ಕಳಿಗೆ ವಾರದಲ್ಲಿ 1ರಿಂದ 2 ದಿನ, ವರ್ಷದಲ್ಲಿ 2ರಿಂದ 3 ತಿಂಗಳು ತಾವು ಆಡುವ ಆ ಒಂದು ಆಟದಿಂದ ಬಿಡುವು ಬೇಕೆಂದು ಹೇಳಿತು. ನಮ್ಮ ನಗರಗಳ ಅಕಾಡೆಮಿಗಳಲ್ಲಿ ಬೇಸಿಗೆ ರಜೆ ಬಂದರೆ ಅಭ್ಯಾಸ ದಿನಕ್ಕೆ ಒಂದು ಹೊತ್ತಿನಿಂದ ಎರಡು ಹೊತ್ತಿಗೆ ಏರುತ್ತದೆ. ಅದಕ್ಕೆ ಶಿಬಿರವೆಂದು ಹೆಸರು, ಬೇರೆ ಫೀಸು.

ಇಷ್ಟು ಬರೆಯುವಾಗಲೇ ನಿಮ್ಮ ಆಕ್ಷೇಪಣೆಗಳು ನನಗೆ ಕೇಳಿಸುತ್ತಿವೆ. "ಮೇಷ್ಟ್ರೇ, ಮೈಕೇಲ್ ಫೆಲ್ಪ್ಸ್ ವರ್ಷಗಟ್ಟಲೆ ಒಂದು ದಿನವೂ ಬಿಡದೆ ಈಜಿದ್ದಕ್ಕೇ ಅಲ್ಲವೇ ಅಷ್ಟು ಚಿನ್ನ ಬಂದದ್ದು?" ಹೌದು, ಹಾಗೆ ಈಜಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಆದರೆ ಕಥೆಯ ಉತ್ತರಾರ್ಧವನ್ನೂ ಓದಬೇಕು. 2012ರ ಲಂಡನ್ ಒಲಿಂಪಿಕ್ಸ್ ಬಳಿಕ ಅವರು ಈಜನ್ನೇ ತೊರೆದರು. ತಾವು ಅನುಭವಿಸಿದ ತೀವ್ರ ಖಿನ್ನತೆಯ ಬಗ್ಗೆ ಮುಂದೆ ಬಹಿರಂಗವಾಗಿ ಮಾತನಾಡಿದರು. ಸುಮಾರು ಎರಡು ವರ್ಷ ಸ್ಪರ್ಧೆಯಿಂದ ದೂರವಿದ್ದು 2014ರಲ್ಲಿ ಮರಳಿದಾಗ ಅವರ ಹಳೆಯ ತರಬೇತುದಾರ ಬಾಬ್ ಬೌಮನ್ ಅವರನ್ನು ಮತ್ತೆ ಕೊಳಕ್ಕೆ ಕರೆದುಕೊಂಡರು. 2016ರ ರಿಯೊದಲ್ಲಿ 5 ಚಿನ್ನ, 1 ಬೆಳ್ಳಿ ಬಂದವು. ಅಷ್ಟು ದೀರ್ಘವಾದ ಬಿಡುವು ಅವರನ್ನು ಹಾಳುಗೆಡವಲಿಲ್ಲ.

ಆಸ್ಟ್ರೇಲಿಯಾದ ಆಶ್ಲೀ ಬಾರ್ಟಿಯ ಕಥೆ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಆಕೆ ದಣಿದದ್ದು ನಮ್ಮ ಮಕ್ಕಳ ವಯಸ್ಸಿನಲ್ಲೇ. 2011ರಲ್ಲಿ ಹದಿನೈದನೆಯ ವಯಸ್ಸಿಗೇ ವಿಂಬಲ್ಡನ್ ಬಾಲಕಿಯರ ಪ್ರಶಸ್ತಿ. 2014ರಲ್ಲಿ, ಹದಿನೆಂಟಕ್ಕೆ, ಸಾಕೆನಿಸಿ ಟೆನಿಸ್ ಬಿಟ್ಟಳು. ಬ್ರಿಸ್ಬೇನ್ ಹೀಟ್ ತಂಡಕ್ಕೆ ಕ್ರಿಕೆಟ್ ಆಡಿದಳು! 2016ರಲ್ಲಿ ಮರಳಿ ಬಂದು, 2019ರಲ್ಲಿ ಫ್ರೆಂಚ್ ಓಪನ್ ಗೆದ್ದು ವಿಶ್ವದ ಮೊದಲ ಸ್ಥಾನಕ್ಕೇರಿದಳು. 2021ರಲ್ಲಿ ವಿಂಬಲ್ಡನ್, 2022ರಲ್ಲಿ ಆಸ್ಟ್ರೇಲಿಯನ್ ಓಪನ್. ಮಕ್ಕಳಿಗೆ ಸುಮ್ಮನೆ ಬೇಸರವಾಗುವುದೂ ಒಂದು ಕಾರಣವೇ ಎಂದು ಮೇಲೆ ಬರೆದದ್ದು ಇದಕ್ಕೇ. ನಮ್ಮಲ್ಲಿಯೂ ಉದಾಹರಣೆ ಇಲ್ಲದಿಲ್ಲ. ಪುಲ್ಲೇಲ ಗೋಪಿಚಂದ್ 1994ರಲ್ಲಿ ಪುಣೆಯ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಮೊಣಕಾಲಿಗೆ ತೀವ್ರ ಪೆಟ್ಟು ಮಾಡಿಕೊಂಡು ದೀರ್ಘಕಾಲ ಆಟದಿಂದ ದೂರವಿರಬೇಕಾಯಿತು. ಆಲ್ ಇಂಗ್ಲೆಂಡ್ ಗೆದ್ದದ್ದು 2001ರಲ್ಲಿ.

ಗೋಪಿಚಂದ್ ಎಂದೊಡನೆ, 2016ರ ಒಲಿಂಪಿಕ್ಸಿಗೆ ಮುನ್ನ ಅವರು ಸಿಂಧು ಅವರ ಮೊಬೈಲನ್ನು ಮೂರು ತಿಂಗಳು ತೆಗೆದಿಟ್ಟುಕೊಂಡ ಕಥೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಲಿಂಪಿಕ್ ಪದಕದ ಹೊಸ್ತಿಲಲ್ಲಿದ್ದ ಇಪ್ಪತ್ತೊಂದರ ವೃತ್ತಿಪರ ಆಟಗಾರ್ತಿಗೂ, ಹೋಬಳಿ ಮಟ್ಟದ ಕೊಕ್ಕೊ ಆಡುವ ಏಳನೆಯ ಕ್ಲಾಸಿನ ಮಗುವಿಗೂ ಒಂದೇ ಅಳತೆಗೋಲು ಹಿಡಿಯುವುದು ಯಾವ ನ್ಯಾಯ?

ಒಂದು ಆಕ್ಷೇಪಣೆಗೆ ಮಾತ್ರ ನಾನು ತಲೆಬಾಗುತ್ತೇನೆ. ದಿನವೂ ಬಂದ ಮಗುವಿನ ಪಾಡೇನು? ಮಳೆಯಲ್ಲಿ ನೆನೆದು ಅಭ್ಯಾಸ ಮಾಡಿದವನನ್ನು ಬಿಟ್ಟು, ಪಂದ್ಯದ ಹಿಂದಿನ ದಿನ ಬಂದವನನ್ನು ಆಡಿಸಿದರೆ ಅದು ಅನ್ಯಾಯವಲ್ಲವೇ? ಅನ್ಯಾಯವೇ. ಆದುದರಿಂದಲೇ ಆಯ್ಕೆ ಬೇರೆ, ಶಿಕ್ಷೆ ಬೇರೆ ಎನ್ನುತ್ತೇನೆ. ಗಡಿಯಾರ ಹಿಡಿದು ಓಡಿಸಿ ನೋಡಿ, "ಈ ಸಲ ನಿನ್ನ ವೇಗ ಸಾಲದು ಮಗು, ಅವನು ಓಡಲಿ, ನೀನು ಮುಂದಿನ ತಿಂಗಳಿಗೆ ಸಿದ್ಧನಾಗು" ಎಂದರೆ ಮಗು ಒಪ್ಪಿಕೊಳ್ಳುತ್ತದೆ. ಮಕ್ಕಳಿಗೆ ಅಂಕಿ ಅರ್ಥವಾಗುತ್ತದೆ. "ನೀನು ಬೇಡ" ಎಂಬುದು ಅರ್ಥವಾಗುವುದಿಲ್ಲ. ಅದು ಮನಸ್ಸಿನಲ್ಲಿ ಮುಳ್ಳಾಗಿ ಕೂರುತ್ತದೆ.

ಹತ್ತು ಸುತ್ತಿನ ಶಿಕ್ಷೆಯಲ್ಲಿ ಇನ್ನೊಂದು ವಿಪರ್ಯಾಸವಿದೆ. ಓಟಗಾರನಿಗೆ ಓಟವನ್ನೇ ಶಿಕ್ಷೆಯಾಗಿ ಕೊಡುತ್ತಿದ್ದೇವೆ! ಕನ್ನಡ ಮೇಷ್ಟ್ರು ತಡವಾಗಿ ಬಂದ ಹುಡುಗನಿಗೆ ಕುಮಾರವ್ಯಾಸನ ಪದ್ಯಗಳನ್ನು ನೂರು ಸಲ ಬರೆಯಲು ಹೇಳಿದರೆ ಆತನಿಗೆ ಕುಮಾರವ್ಯಾಸನಲ್ಲಿ ಪ್ರೀತಿ ಹುಟ್ಟೀತೇ? ಇನ್ನು, ಶಿಕ್ಷೆಗೆ ಹೆದರಿದ ಮಗು ಕಲಿಯುವ ಮೊದಲ ಪಾಠ ಸುಳ್ಳು. ಒಬ್ಬನೇ ಹುಡುಗನ ಒಬ್ಬಳೇ ಅಜ್ಜಿ ಒಂದೇ ವರ್ಷದಲ್ಲಿ ಮೂರು ಸಲ ತೀರಿಕೊಂಡದ್ದನ್ನು ನಮ್ಮ ಶಾಲೆಯ ಹಾಜರಿ ಪುಸ್ತಕ ಕಂಡಿದೆ. (ಆ ಹುಡುಗ ಇದನ್ನು ಓದುತ್ತಿದ್ದರೆ ಅಜ್ಜಿಯ ಕ್ಷೇಮ ಸಮಾಚಾರ ತಿಳಿಸತಕ್ಕದ್ದು.) ನಿಜವಾದ ನೋವನ್ನೂ ಸುಳ್ಳಿನ ನೋವನ್ನೂ ಬೇರ್ಪಡಿಸಲಾಗದ ಸ್ಥಿತಿಯನ್ನು ತಂದುಕೊಂಡವರು ನಾವೇ. ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲಾ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮೈದಾನವೂ ಶಾಲೆಯೇ.

ಹಾಗಾದರೆ ಬಂದ ಮಗುವನ್ನು ಏನು ಮಾಡಬೇಕು? ಮೊದಲು ಬಂದದ್ದಕ್ಕೆ ಸಂತೋಷ ತೋರಿಸಿ; ಅದಕ್ಕೆ ಖರ್ಚಿಲ್ಲ. ಕಾರಣವನ್ನು ಸಾಲಿನಲ್ಲಿ ನಿಲ್ಲಿಸಿ ಕೇಳಬೇಡಿ, ಪಕ್ಕಕ್ಕೆ ಕರೆದು ಕೇಳಿ. ಹೆಣ್ಣುಮಕ್ಕಳಾದರೆ ಶಿಕ್ಷಕಿಯೊಬ್ಬರ ಮೂಲಕ ತಿಳಿಯಿರಿ. ಮೊದಲ ಕೆಲವು ದಿನ ಇತರರ ಅರ್ಧದಷ್ಟು ಕೆಲಸ ಕೊಟ್ಟು ನಿಧಾನವಾಗಿ ಏರಿಸಿ. ಜ್ವರದಿಂದ ಎದ್ದವರಿಗೆ ವೈದ್ಯರು ಹೇಳುವವರೆಗೆ ಓಟ ಬೇಡ. ಬಿಡುವಿನಲ್ಲಿರುವ ಮಗು ಬರೀ ನೋಡಲು ಬರುವುದಾದರೆ ಬರಲಿ, ಸಮಯ ಬರೆದುಕೊಳ್ಳುವ ಕೆಲಸ ಕೊಡಿ. ಅಭ್ಯಾಸದ ಹಾಜರಿ ಪುಸ್ತಕದಲ್ಲಿ ಹಾಜರು, ಗೈರುಹಾಜರು ಎರಡರ ಜೊತೆಗೆ "ಬಿಡುವು" ಎಂಬ ಮೂರನೆಯ ಗುರುತನ್ನೂ ಇಟ್ಟುಕೊಳ್ಳಿ. ಮೊದಲೇ ಹೇಳಿ ಬಿಡುವು ಪಡೆದವರಿಗೆ ಅದು. ನಾಟಿಗೆ, ಪರೀಕ್ಷೆಗೆ, ಬೇಸರಕ್ಕೆ ಸಹ.

ದೈಹಿಕ ಶಿಕ್ಷಕರ ಕಷ್ಟ ನನಗೆ ತಿಳಿಯದ್ದಲ್ಲ. ಇಡೀ ಶಾಲೆಗೆ ಒಬ್ಬರು, ಪ್ರಾರ್ಥನೆಯಿಂದ ಹಿಡಿದು ಧ್ವಜಾರೋಹಣದವರೆಗೆ ಎಲ್ಲವೂ ಅವರದೇ ತಲೆಗೆ. ಮುಖ್ಯೋಪಾಧ್ಯಾಯರು ಅವರ ಕೆಲಸವನ್ನು ಅಳೆಯುವುದು ಗಾಜಿನ ಬೀರುವಿನ ಕಪ್ಪುಗಳನ್ನು ಎಣಿಸಿ. ತಂದೆ ತಾಯಿಗಳೋ, ಮಗು ಒಂದು ವಾರ ಬಿಟ್ಟರೆ ಕಟ್ಟಿದ ಫೀಸಿನ ಲೆಕ್ಕ ಹಾಕುತ್ತಾರೆ. "ಸ್ವಲ್ಪ ಬಿಗಿ ಮಾಡಿ ಸಾರ್" ಎಂದು ತರಬೇತುದಾರರ ಕಿವಿಯಲ್ಲಿ ಊದುವವರು ಅವರೇ. ನನ್ನ ಬಂಧುಗಳಲ್ಲಿಯೇ ಅಂಥವರಿದ್ದಾರೆ, ಹೆಸರು ಹೇಳುವುದಿಲ್ಲ. ಮುಂದಿನ ಮದುವೆಯಲ್ಲಿ ಎದುರುಬದುರು ಕೂತು ಉಣ್ಣಬೇಕಲ್ಲ!

ತರಬೇತುದಾರರಾಗಿರುವ ನನ್ನ ಶಿಷ್ಯರು ಇದಕ್ಕೆ ಉತ್ತರ ಬರೆಯಬೇಕು. ಒಪ್ಪದವರು ಖಂಡಿತವಾಗಿಯೂ ಬರೆಯಬೇಕು. ಬಸ್ಕಿಯನ್ನು ಸಮರ್ಥಿಸುವವರು ಮಾತ್ರ ಮೊದಲು ತಾವೇ ನೂರು ಹೊಡೆದು, ಮರುದಿನ ಬೆಳಿಗ್ಗೆ ಮೆಟ್ಟಿಲಿಳಿದು ನೋಡಿ, ಆ ಬಳಿಕ ಬರೆಯಬೇಕೆಂದು ವಿನಂತಿ.