ಕಾಯಕಕ್ಕೊಂದು ಅಂಕಿತ



ವಚನವೊಂದನ್ನು ಓದುವಾಗ ನಮ್ಮ ದೃಷ್ಟಿ ಅದರ ಕೊನೆಯಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯವರದು, ಅಖಂಡೇಶ್ವರ ಎಂದಿದ್ದರೆ ನಮ್ಮ ಜೇವರ್ಗಿಯ ಷಣ್ಮುಖ ಶಿವಯೋಗಿಗಳದು ಎಂದು ಅರಿಯುತ್ತೇವೆ. ಅಂಬಿಗರ ಚೌಡಯ್ಯನವರಂತೂ ತಮ್ಮ ಕಾಯಕವನ್ನೊಳಗೊಂಡ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡರು. ಈ ನುಡಿಗೆ ಹೊಣೆ ಯಾರು ಎಂಬುದನ್ನು ಅಂಕಿತವು ಸಾರುತ್ತದೆ. ಇಂದು ವ್ಯಾಪಾರಸ್ಥರು ಲೋಗೋ ಎಂದು ಕರೆಯುವ ಚಿಹ್ನೆಯ ಕೆಲಸವೂ ಇದೇ ಆಗಿದೆ. ಈ ಪದಾರ್ಥಕ್ಕೆ ಹೊಣೆ ಯಾರು ಎಂದು ಕೊಳ್ಳುವವನಿಗೆ ಅದು ತಿಳಿಸಬೇಕು.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ತೊಗರಿ ಬೆಳೆಯದ ಊರು ವಿರಳ. ಆದರೂ ರಾಶಿಯಾದ ತೊಗರಿಯು ಚೀಲ ತುಂಬಿ ಅಡತಿ ಅಂಗಡಿಯನ್ನು ಸೇರಿದೊಡನೆ ಬೆಳೆದವನ ಹೆಸರು ಅಳಿದುಹೋಗುತ್ತದೆ. ಒಳ್ಳೆಯ ಕಾಳಿಗೂ ಸಾಧಾರಣ ಕಾಳಿಗೂ ಗ್ರಾಹಕನ ಕಣ್ಣಿನಲ್ಲಿ ಭೇದವಿಲ್ಲದಂತಾಗುತ್ತದೆ. 2019ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತು, ನಮ್ಮ ನೆಲದ ಹೆಸರಿಗೆ ರಕ್ಷಣೆ ಬಂದಿತು. ಜಿಲ್ಲಾಡಳಿತವು ಮಹಿಳಾ ಸ್ವಸಹಾಯ ಸಂಘಗಳ ಜೋಳದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ತಂದಿತು. 2025ರ ಜೂನ್‌ನಲ್ಲಿ ಪ್ರಧಾನಮಂತ್ರಿಗಳ ‘ಮನ್ ಕಿ ಬಾತ್’ ಭಾಷಣದಲ್ಲಿಯೂ ಈ ರೊಟ್ಟಿಯ ಪ್ರಸ್ತಾಪ ಬಂದಿತು. ರೊಟ್ಟಿ ಬಡಿಯುವ ಕೈಗಳು ತಲೆತಲಾಂತರದಿಂದ ಇದ್ದವು. ಹೆಸರು ಮತ್ತು ಗುರುತು ದೊರೆತ ಮೇಲೆ ಆ ಕೈಗಳ ದುಡಿಮೆ ದೂರದವರಿಗೂ ಕಾಣಿಸಿತು.

ಊರಿನ ಹೆಸರು ಎಲ್ಲರದು. ಅದರ ಜೊತೆಗೆ ಪ್ರತಿಯೊಂದು ಮನೆಯ ಉದ್ಯೋಗಕ್ಕೂ ತನ್ನದೇ ಆದ ಚಿಹ್ನೆ ಬೇಕಾಗುತ್ತದೆ. ಶೇಂಗಾ ಹಿಂಡಿ, ಖಾರದ ಪುಡಿ, ಹಪ್ಪಳ, ರೊಟ್ಟಿ, ಬೇಳೆ ಮಾರುವ ತಾಯಂದಿರು ಮತ್ತು ತರುಣರು ಚಿಹ್ನೆಯನ್ನು ಆರಿಸುವಾಗ ಕೆಲವು ಸಂಗತಿಗಳನ್ನು ಗಮನದಲ್ಲಿ ಇಟ್ಟುಕೊಳ್ಳುವುದು ಒಳಿತು.

ಮೊದಲನೆಯದು ಸರಳತೆ. ಹಿಂದೆ ಅಕ್ಷರ ಬಾರದ ಹಿರಿಯರು ‘ಆನೆ ಮಾರ್ಕಿನದು ಕೊಡಿ’ ಎಂದು ಕೇಳಿ ಪದಾರ್ಥ ತರುತ್ತಿದ್ದರು. ಒಂದೇ ಮಾತಿನಲ್ಲಿ ಹೇಳಲು ಬರುವ ಚಿಹ್ನೆಯೇ ನೆನಪಿನಲ್ಲಿ ಉಳಿಯುತ್ತದೆ. ಸೂರ್ಯ, ಹೊಲ, ಎತ್ತು, ತೆನೆ, ಗುಡಿ ಎಲ್ಲವನ್ನೂ ಒಂದೇ ವೃತ್ತದೊಳಗೆ ತುಂಬಿದರೆ ಯಾವುದೂ ಮನಸ್ಸಿನಲ್ಲಿ ನಿಲ್ಲದು. ಶತಮಾನ ದಾಟಿದ ಮೈಸೂರು ಸ್ಯಾಂಡಲ್ ಸಾಬೂನಿನ ಮೇಲೆ ಆನೆಯ ತಲೆ, ಸಿಂಹದ ದೇಹವುಳ್ಳ ಶರಭವೊಂದೇ ಇದೆ. ಒಮ್ಮೆ ಕಂಡವರು ಅದನ್ನು ಮರೆಯುವುದಿಲ್ಲ.

ಎರಡನೆಯದು ಎಲ್ಲ ಕಡೆಯೂ ಮೂಡುವ ಗುಣ. ನಮ್ಮ ಚಿಹ್ನೆ ಗೋಣಿಚೀಲದ ಮೇಲೆ ಒಂದೇ ಬಣ್ಣದಲ್ಲಿ, ಪ್ಲಾಸ್ಟಿಕ್ ಚೀಲದ ಮೇಲೆ, ಅಂಗಡಿಯ ಬೋರ್ಡಿನ ಮೇಲೆ, ರಬ್ಬರ್ ಸ್ಟ್ಯಾಂಪಿನಲ್ಲಿ ಮತ್ತು ಮೊಬೈಲ್ ಫೋನಿನ ವಾಟ್ಸ್‌ಆ್ಯಪ್ ಚಿತ್ರದಲ್ಲಿಯೂ ಕಾಣಬೇಕು. ಆದ್ದರಿಂದ ಮೊದಲು ಕಪ್ಪು ಮಸಿಯಲ್ಲಿ, ರೂಪಾಯಿ ನಾಣ್ಯದ ಗಾತ್ರದಲ್ಲಿ ಬರೆದು ನೋಡಿರಿ. ಅಲ್ಲಿ ಸ್ಪಷ್ಟವಾಗಿ ಕಂಡರೆ ಬಣ್ಣದ ಮಾತನ್ನು ಅನಂತರ ಆಡಬಹುದು. ನಮ್ಮದು ಗಡಿನಾಡು. ಸೊಲ್ಲಾಪುರ, ಅಕ್ಕಲಕೋಟೆಗಳ ಪೇಟೆಗೆ ನಮ್ಮ ಸರಕು ಹೋಗಬಹುದು; ದೇವಲ ಗಾಣಗಾಪುರಕ್ಕೆ ಮಹಾರಾಷ್ಟ್ರದ ಯಾತ್ರಿಕರು ಬರುತ್ತಾರೆ. ಹೆಸರನ್ನು ಕನ್ನಡದಲ್ಲಿ ಅಚ್ಚುಕಟ್ಟಾಗಿ ಬರೆಸೋಣ. ಕನ್ನಡ ಓದಲು ಬಾರದವರಿಗೆ ಚಿತ್ರವೇ ಮಾತನಾಡಲಿ.

ಮೂರನೆಯದು ಸ್ವಂತಿಕೆ. ಮುದ್ರಣಾಲಯದಲ್ಲಿ ಸಿದ್ಧವಾಗಿರುವ ತೆನೆಯ ಚಿತ್ರವನ್ನೇ ಹತ್ತು ಜನ ಹಾಕಿಸಿಕೊಂಡರೆ ಅದು ಹತ್ತು ಜನರ ಗುರುತಾಗದು, ಯಾರ ಗುರುತೂ ಆಗದು. ಪಕ್ಕದ ಅಂಗಡಿಯವರ ಚಿಹ್ನೆಯನ್ನು ಹೋಲುವಂತೆ ಮಾಡಿಸುವುದಂತೂ ಪರರ ದುಡಿಮೆಯನ್ನು ಕದ್ದಂತೆ. ನಿಮ್ಮ ಮನೆಯ ಬೀಸುವ ಕಲ್ಲು, ಹೊಲದ ಬೇವಿನ ಮರ, ಅಜ್ಜಿಯ ಕಸೂತಿಯ ಒಂದು ಎಳೆ, ಇಂಥವುಗಳಲ್ಲಿ ನಿಮ್ಮದೇ ಆದ ಚಿಹ್ನೆ ದೊರೆಯಬಹುದು.

ಇಲ್ಲಿ ಒಂದು ಸೂಕ್ಷ್ಮ ವಿಚಾರವನ್ನು ಹೇಳಲೇಬೇಕಾಗಿದೆ. ಭಕ್ತಿಯ ಭರದಲ್ಲಿ ಬಸವಣ್ಣನವರ, ಶರಣರ, ಮಠದ ಗುರುಗಳ ಭಾವಚಿತ್ರಗಳನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸುವವರಿದ್ದಾರೆ. ಬೆಳಿಗ್ಗೆ ಕೈಮುಗಿದು ತೆರೆದ ಪೊಟ್ಟಣ ಸಂಜೆಗೆ ಕಸದ ತಿಪ್ಪೆಯಲ್ಲಿ, ಚರಂಡಿಯಲ್ಲಿ ಬಿದ್ದಿರುತ್ತದೆ. ಅದರ ಮೇಲೆ ಯಾರದೋ ಕಾಲು ಬೀಳುತ್ತದೆ. ಪೂಜ್ಯರ ಚಿತ್ರ ಮನೆಯ ಜಗುಲಿಯ ಮೇಲಿರಲಿ, ಅಂಗಡಿಯ ಗೋಡೆಯ ಮೇಲಿರಲಿ. ಎಸೆಯುವ ಕಾಗದದ ಮೇಲೆ ಬೇಡ. ಧಾರ್ಮಿಕ ಭಾವನೆಗೆ ನೋವು ತರಬಹುದಾದ ಚಿಹ್ನೆಗಳಿಗೆ ಕಾನೂನು ಕೂಡ ನೋಂದಣಿ ನೀಡುವುದಿಲ್ಲ. ಹಾಗೆಯೇ ರಾಷ್ಟ್ರಧ್ವಜ, ಅಶೋಕ ಚಕ್ರ, ಮಹಾತ್ಮ ಗಾಂಧಿಯವರ ಚಿತ್ರ, ರಾಜ್ಯ ಸರ್ಕಾರದ ಗಂಡಭೇರುಂಡ ಲಾಂಛನ ಇವುಗಳನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು 1950ರ ಕಾಯ್ದೆಯೊಂದು ನಿಷೇಧಿಸಿದೆ.

ಚಿಹ್ನೆ ಸಿದ್ಧವಾದ ಮೇಲೆ ಅದನ್ನು ಕಾಪಾಡಿಕೊಳ್ಳಬೇಕು. ಬರೆದುಕೊಟ್ಟ ಕಲಾವಿದರಿಗೆ ಸಲ್ಲತಕ್ಕ ಹಣ ಕೊಟ್ಟು, ಅದರ ಹಕ್ಕನ್ನು ನಿಮಗೆ ಬಿಟ್ಟುಕೊಟ್ಟಂತೆ ಬರವಣಿಗೆಯಲ್ಲಿ ಪಡೆಯಿರಿ. 1999ರ ಟ್ರೇಡ್ ಮಾರ್ಕ್ ಕಾಯ್ದೆಯಂತೆ ಚಿಹ್ನೆಯನ್ನು ನೋಂದಾಯಿಸಬಹುದು. 2017ರ ನಿಯಮಗಳಂತೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಆನ್‌ಲೈನ್ ಅರ್ಜಿಯ ಶುಲ್ಕ ಪದಾರ್ಥದ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿ 10 ವರ್ಷ ಊರ್ಜಿತದಲ್ಲಿರುತ್ತದೆ. ಮತ್ತೆ ಮತ್ತೆ ನವೀಕರಿಸಬಹುದು. ನೋಂದಣಿಯಾಗುವ ಮೊದಲೇ ವೃತ್ತದೊಳಗಿನ ‘ಆರ್’ ಅಕ್ಷರವನ್ನು ಹಾಕಿಕೊಳ್ಳುವಂತಿಲ್ಲ. ‘ಟಿಎಂ’ ಎಂದಷ್ಟೇ ಹಾಕಬಹುದು. ‘ಗುಲ್ಬರ್ಗಾ ತೊಗರಿ ಬೇಳೆ’ ಎಂಬ ಸೂಚ್ಯಂಕದ ಹೆಸರನ್ನು ಬಳಸಬೇಕೆನ್ನುವವರು ಅಧಿಕೃತ ಬಳಕೆದಾರರಾಗಿ ಬೇರೆಯಾಗಿಯೇ ನೋಂದಾಯಿಸಿಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೂ ಚಿಹ್ನೆಗೆ ಬೆಲೆ ಬರುವುದು ಚೀಲದೊಳಗಿನ ಪದಾರ್ಥದಿಂದಲೇ. ಗುರುತಿಲ್ಲದ ಸರಕು ಕೆಟ್ಟರೆ ಯಾರನ್ನು ಕೇಳಬೇಕೆಂದು ತಿಳಿಯದು. ಗುರುತಿದ್ದ ಸರಕು ಕೆಟ್ಟರೆ ಜನ ನೇರವಾಗಿ ನಮ್ಮ ಬಾಗಿಲಿಗೆ ಬರುತ್ತಾರೆ. ತೂಕದಲ್ಲಿ ಕಡಿಮೆ ಮಾಡಿ, ಬೇಳೆಯಲ್ಲಿ ಬೆರಕೆ ಮಾಡಿ, ಮೇಲೆ ಅಂದವಾದ ಚಿಹ್ನೆ ಅಂಟಿಸಿದರೆ ಅದೇ ನಮ್ಮ ಮೇಲೆ ಸಾಕ್ಷಿ ನುಡಿಯುತ್ತದೆ. ಆದ್ದರಿಂದ ಚಿಹ್ನೆ ಮಾಡಿಸುವ ದಿನ ಮನೆಮಂದಿಯೆಲ್ಲ ಕುಳಿತು, ಈ ಗುರುತಿನಡಿ ನಾವು ಏನನ್ನು ಮಾರುವುದಿಲ್ಲ ಎಂಬುದನ್ನೂ ನಿಶ್ಚಯಿಸಿಕೊಳ್ಳಿರಿ. ಸತ್ಯಶುದ್ಧ ಕಾಯಕ ಮಾಡುವವರು ತಮ್ಮ ಹೆಸರನ್ನು ಮರೆಮಾಚಬೇಕಾಗಿಲ್ಲ. ಧೈರ್ಯವಾಗಿ ಅಂಕಿತ ಹಾಕಿರಿ. ಹಾಕಿದ ಅಂಕಿತವನ್ನು ಮಕ್ಕಳ ಕಾಲಕ್ಕೂ ಕಳಂಕವಿಲ್ಲದೆ ದಾಟಿಸಿರಿ.