ಸರ್ವರ್ ‘ಹಳೆಯದಾಯಿತು’ ಎನ್ನುವ ಮೊದಲು

ನಮ್ಮ ಕಂಪ್ಯೂಟರ್ ಲ್ಯಾಬಿನ ಹಿಂದಿನ ಕೋಣೆಯಲ್ಲಿ, ಯುಪಿಎಸ್ ಬ್ಯಾಟರಿಗಳ ಪಕ್ಕದಲ್ಲಿ ಒಂದು ಸರ್ವರ್ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಅದರ ಮೇಲೆ ಒಂದು ಚೀಟಿ ಅಂಟಿಕೊಂಡಿತ್ತು: ‘ವರ್ಚುವಲೈಸೇಶನ್ ಸಪೋರ್ಟ್ ಇಲ್ಲ. ಬದಲಿಸಬೇಕು.’ ಆ ಚೀಟಿಯ ಮೊದಲ ವಾಕ್ಯವೇ ತಪ್ಪಾಗಿತ್ತು. ಅದು ತಪ್ಪೆಂದು ತಿಳಿಯಲು ನಮಗೆ ಹತ್ತು ವಾರ ಹಿಡಿಯಿತು. ತಿಳಿದ ಮೇಲೆ ಸರಿಪಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ಆ ಹತ್ತು ವಾರಗಳು ಏಕೆ ಹಾಳಾದವು, ಮುಂದೆ ಹಾಗಾಗದಿರಲು ನಾವೇನು ಮಾಡಬೇಕು ಎಂಬುದರ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಸರ್ವರ್ ನಮ್ಮ ಕಾಲೇಜಿಗೆ ಬಂದದ್ದು ಹಳೆ ವಿದ್ಯಾರ್ಥಿಯೊಬ್ಬರ ಕೊಡುಗೆಯಾಗಿ. ಬೆಂಗಳೂರಿನ ಅವರ ಕಚೇರಿಯಲ್ಲಿ ಹೊಸ ಯಂತ್ರಗಳು ಬಂದಾಗ ಹಳೆಯದನ್ನು ಮಾರದೆ ನಮಗೆ ಕಳುಹಿಸಿಕೊಟ್ಟರು. ಅದರಲ್ಲಿ ಇಂಟೆಲ್‌ನ ಎರಡು ಜಿಯಾನ್ ಇ5-2620 ವಿ2 ಪ್ರೊಸೆಸರ್‌ಗಳಿವೆ. 2013ರ ಮಾದರಿ, ಒಂದೊಂದರಲ್ಲೂ 6 ಕೋರ್, 12 ಥ್ರೆಡ್. ಒಟ್ಟು 24 ಥ್ರೆಡ್. ಇದರ ಮೇಲೆ ಏಳೆಂಟು ವರ್ಚುವಲ್ ಮೆಷಿನ್‌ಗಳನ್ನು ನಿಲ್ಲಿಸಿ, ಪ್ರತಿ ಬ್ಯಾಚಿಗೂ ಒಂದು ಲಿನಕ್ಸ್ ಕೊಡಬೇಕೆಂಬುದು ನಮ್ಮ ಉಪನ್ಯಾಸಕರ ಯೋಜನೆಯಾಗಿತ್ತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರೇ ನಮ್ಮಲ್ಲಿ ಹೆಚ್ಚು. ಇದ್ದವರೂ ಅಣ್ಣನ ಲ್ಯಾಪ್‌ಟಾಪಿನಲ್ಲಿ ಏನನ್ನಾದರೂ ಅಳಿಸಿದರೆ ಬೈಗುಳ ತಿನ್ನಬೇಕು. ವರ್ಚುವಲ್ ಮೆಷಿನ್‌ನಲ್ಲಿ ಆ ಭಯವಿಲ್ಲ. ಕೆಡಿಸಿದರೆ ಅಳಿಸಿ ಮತ್ತೆ ಹೊಸದಾಗಿ ಮಾಡಬಹುದು.

ಉಬುಂಟು ಹಾಕಿ, ಮೊದಲ ವರ್ಚುವಲ್ ಮೆಷಿನ್ ಶುರು ಮಾಡಿದಾಗ ‘ಕೆವಿಎಂ ಲಭ್ಯವಿಲ್ಲ’ ಎಂಬ ಎಚ್ಚರಿಕೆ ಬಂತು. ಆದರೂ ಮುಂದುವರಿದೆವು. ಲಾಗಿನ್ ಪರದೆ ಬರುವಷ್ಟರಲ್ಲಿ ಒಂದು ಪೀರಿಯಡ್‌ನ ಅರ್ಧ ಮುಗಿದಿತ್ತು. ನೋಡಲು ಬಂದ ತಂತ್ರಜ್ಞರು ಒಂದು ಆದೇಶ ಕೊಟ್ಟು, ಪ್ರೊಸೆಸರ್‌ನ ಸೌಲಭ್ಯಗಳ ಪಟ್ಟಿಯಲ್ಲಿ ‘ವಿಎಂಎಕ್ಸ್’ ಎಂಬ ಪದವನ್ನು ಹುಡುಕಿದರು. ಸೊನ್ನೆ ಬಂತು. “ಹಳೇ ಮೆಷಿನ್ ಸರ್, ಸಪೋರ್ಟ್ ಇಲ್ಲ” ಎಂದು ಹೇಳಿ, ಮರುದಿನ ಹೊಸ ಸರ್ವರ್‌ನ ಕೊಟೇಶನ್ ಕಳುಹಿಸಿದರು. ಮೊತ್ತ ಲಕ್ಷ ದಾಟಿತ್ತು. ಚೀಟಿ ಅಂಟಿದ್ದು ಆಗಲೇ.

ನಾನು ಅವರನ್ನು ದೂರುತ್ತಿಲ್ಲ. ಅವರು ಕಂಡದ್ದು ನಿಜ, ಪಟ್ಟಿಯಲ್ಲಿ ಆ ಪದ ಇರಲಿಲ್ಲ. ತಪ್ಪಿದ್ದು ಮುಂದಿನ ಹೆಜ್ಜೆ: ‘ಕಾಣುತ್ತಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಓದಿದ್ದು. ಆ ತಪ್ಪನ್ನು ನಾವೂ ಮಾಡಿದೆವು. ಲ್ಯಾಬಿನಲ್ಲಿದ್ದ ಅರವತ್ತು ಜನರಲ್ಲಿ ಒಬ್ಬರೂ ‘ಹೌದಾ? ಹೇಗೆ ಗೊತ್ತು?’ ಎಂದು ಕೇಳಲಿಲ್ಲ. ನಾನೂ ಕೇಳಲಿಲ್ಲ.

ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೇ ಕಟ್ಟಡದಲ್ಲಿ ಬೆಳಗ್ಗೆ ಹೈಸ್ಕೂಲು, ಮಧ್ಯಾಹ್ನ ಪಿಯುಸಿ ನಡೆಯುವ ಊರುಗಳನ್ನು ನೀವು ನೋಡಿರಬಹುದು. ಎರಡಕ್ಕೂ ಬೇರೆ ಮುಖ್ಯಸ್ಥರು, ಬೇರೆ ಹಾಜರಿ ಪುಸ್ತಕ. ಇಡೀ ಕಟ್ಟಡ ತಮ್ಮದೇ ಎಂಬಂತೆ ಇಬ್ಬರೂ ನಡೆಸುತ್ತಾರೆ. ಆದರೆ ಬೀಗದ ಕೈ ಮಾತ್ರ ಆಡಳಿತ ಮಂಡಳಿಯ ಬಳಿ ಇರುತ್ತದೆ. ವರ್ಚುವಲ್ ಮೆಷಿನ್‌ನೊಳಗಿನ ಆಪರೇಟಿಂಗ್ ಸಿಸ್ಟಂ ಕೂಡ ಇಡೀ ಯಂತ್ರ ತನ್ನದೇ ಎಂದು ನಂಬಿ ಕೆಲಸ ಮಾಡುತ್ತದೆ. ಅದು ಮಾಲೀಕನಂತೆ ಕೊಡುವ ಕೆಲವು ಆದೇಶಗಳನ್ನು ತಡೆದು, ನಿಜವಾದ ಮಾಲೀಕನಿಗೆ ಒಪ್ಪಿಸುವವರು ಯಾರಾದರೂ ಬೇಕು. ಮೊದಲು ಈ ಕೆಲಸವನ್ನು ಸಾಫ್ಟ್‌ವೇರ್ ಒಂದೇ ಮಾಡುತ್ತಿತ್ತು. 1999ರಲ್ಲಿ ಬಂದ ವಿಎಂವೇರ್ ಸಾಮಾನ್ಯ ಪಿಸಿಗಳಲ್ಲಿ ಹಾಗೆಯೇ ನಡೆಯುತ್ತಿತ್ತು. 2005ರಲ್ಲಿ ಇಂಟೆಲ್ ‘ವಿಟಿ-ಎಕ್ಸ್’ ಹೆಸರಿನಲ್ಲಿ, 2006ರಲ್ಲಿ ಎಎಂಡಿ ‘ಎಎಂಡಿ-ವಿ’ ಹೆಸರಿನಲ್ಲಿ ಈ ಸೌಲಭ್ಯವನ್ನು ಪ್ರೊಸೆಸರ್‌ನೊಳಗೇ ಇಟ್ಟವು. ಲಿನಕ್ಸ್‌ನ ಕೆವಿಎಂ 2007ರಲ್ಲಿ ಬಂದದ್ದೇ ಈ ಸೌಲಭ್ಯವನ್ನು ನೆಚ್ಚಿಕೊಂಡು. ಸೌಲಭ್ಯ ಸಿಗದಿದ್ದರೆ ನಾವು ಬಳಸುತ್ತಿದ್ದ ಸಾಫ್ಟ್‌ವೇರ್ ಪ್ರತಿಯೊಂದು ಆದೇಶವನ್ನೂ ತಾನೇ ಅನುಕರಿಸುತ್ತಾ ಕುಂಟುತ್ತದೆ. ನಮ್ಮ ಸರ್ವರ್ ಕುಂಟಿದ್ದೂ ಇದಕ್ಕೇ. ಆ ನಿಧಾನವನ್ನು ನೋಡಿಯೇ ನಾವೆಲ್ಲ ‘ಹಳೆಯದು’ ಎಂಬ ಮಾತನ್ನು ಸುಲಭವಾಗಿ ನಂಬಿದೆವು.

ಹಾಗಾದರೆ ಕೇಳಬೇಕಾಗಿದ್ದ ಪ್ರಶ್ನೆಗಳು ಯಾವುವು? ನನ್ನ ಲೆಕ್ಕದಲ್ಲಿ ನಾಲ್ಕು. ಇವುಗಳನ್ನು ಇದೇ ಕ್ರಮದಲ್ಲಿ ಕೇಳಬೇಕು.

ಮೊದಲನೆಯದು, ಪ್ರೊಸೆಸರ್‌ಗೆ ಆ ಶಕ್ತಿ ಇದೆಯೇ? ಇದಕ್ಕೆ ಉತ್ತರವನ್ನು ತಯಾರಕರು ಪ್ರಕಟಿಸುವ ಆ ಮಾದರಿಯ ವಿವರಪಟ್ಟಿಯಲ್ಲಿ ನೋಡಬೇಕು. ಮಾದರಿಯ ಹೆಸರನ್ನು ‘ಎಲ್‌ಎಸ್‌ಸಿಪಿಯು’ ಎಂಬ ಒಂದೇ ಆದೇಶ ತೋರಿಸುತ್ತದೆ. ನಿಜವಾಗಿಯೂ ಶಕ್ತಿ ಇಲ್ಲದ ಪ್ರೊಸೆಸರ್‌ಗಳೂ ಇವೆ. 2008ರ ಪೆಂಟಿಯಂ ಇ5200ನಲ್ಲಿ ಇಂಟೆಲ್ ಈ ಸೌಲಭ್ಯ ಕೊಟ್ಟಿರಲಿಲ್ಲ. ಅಂಥದ್ದಾದರೆ ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ನಮ್ಮ ಜಿಯಾನ್‌ನ ಪಟ್ಟಿಯಲ್ಲಿ ಮಾತ್ರ ಸ್ಪಷ್ಟವಾಗಿ ‘ಇದೆ’ ಎಂದಿತ್ತು.

ಎರಡನೆಯದು, ಬಯೋಸ್ ಅದಕ್ಕೆ ಅನುಮತಿ ಕೊಟ್ಟಿದೆಯೇ? ಯಂತ್ರ ಶುರುವಾಗುವಾಗ ಬಯೋಸ್ ಈ ಸೌಲಭ್ಯವನ್ನು ತೆರೆದಿಡುತ್ತದೆ, ಇಲ್ಲವೇ ಮುಚ್ಚಿ ಬೀಗ ಹಾಕುತ್ತದೆ. ಬೀಗ ಹಾಕಿದ ಮೇಲೆ ಆಪರೇಟಿಂಗ್ ಸಿಸ್ಟಂ ಅದನ್ನು ತೆಗೆಯಲಾರದು. ನಮ್ಮನ್ನು ದಾರಿ ತಪ್ಪಿಸಿದ್ದು ಇಲ್ಲೇ. 2020ರಲ್ಲಿ ಬಂದ 5.6ನೇ ಆವೃತ್ತಿಯಿಂದ ಲಿನಕ್ಸ್ ಕರ್ನಲ್, ಬಯೋಸ್ ಮುಚ್ಚಿದ್ದರೆ ‘ವಿಎಂಎಕ್ಸ್’ ಪದವನ್ನು ಪಟ್ಟಿಯಿಂದಲೇ ತೆಗೆದುಹಾಕುತ್ತದೆ. ಅಂದರೆ ಸೊನ್ನೆ ಬಂದರೆ ಅದಕ್ಕೆ ಎರಡು ಅರ್ಥ: ಪ್ರೊಸೆಸರ್‌ಗೆ ಶಕ್ತಿಯೇ ಇಲ್ಲ, ಅಥವಾ ಶಕ್ತಿ ಇದ್ದೂ ಮುಚ್ಚಿದೆ. ಯಾವುದೆಂದು ತಿಳಿಯಲು ‘ಡಿಎಂಇಎಸ್‌ಜಿ’ ಆದೇಶ ಕೊಟ್ಟು ಕರ್ನಲ್‌ನ ಬೂಟ್ ಸಂದೇಶಗಳನ್ನು ಓದಬೇಕು. ಆಗಸ್ಟ್‌ನಲ್ಲಿ ನಮ್ಮ ಬ್ಯಾಚಿನ ಹುಡುಗಿಯೊಬ್ಬಳು ಅದನ್ನು ಸಾಲುಸಾಲಾಗಿ ಓದಿದಳು. ‘ವಿಎಂಎಕ್ಸ್ ಅನ್ನು ಬಯೋಸ್ ನಿಷ್ಕ್ರಿಯಗೊಳಿಸಿದೆ’ ಎಂಬರ್ಥದ ಒಂದು ಸಾಲು ಅಲ್ಲಿತ್ತು. ಜೂನ್‌ನಿಂದಲೂ ಪ್ರತಿ ಸಲ ಬೂಟ್ ಆದಾಗ ಯಂತ್ರ ಅದನ್ನೇ ಹೇಳುತ್ತಿತ್ತು. ಓದುವವರು ಇರಲಿಲ್ಲ ಅಷ್ಟೇ.

ಬಯೋಸ್ ತೆರೆಯಲು ಹೋದರೆ ಪಾಸ್‌ವರ್ಡ್ ಕೇಳಿತು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸರ್ ಆ ಹಳೆ ವಿದ್ಯಾರ್ಥಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಉತ್ತರ ಬಂತು, ಏಕೆಂದರೆ ಅವರ ಕಚೇರಿಯಲ್ಲಿ ಪ್ರತಿ ಯಂತ್ರಕ್ಕೂ ಒಂದು ನೋಟ್‌ಬುಕ್ ಇಟ್ಟಿದ್ದರು. ಯಂತ್ರವನ್ನು ಕಳುಹಿಸಿದ ಮೇಲೂ ಅದನ್ನು ಎಸೆದಿರಲಿಲ್ಲ.

ಒಳಗೆ ಎರಡು ಸಾಲುಗಳಿದ್ದವು: ಒಂದು ‘ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ’, ಇನ್ನೊಂದು ‘ವಿಟಿ-ಡಿ’. ಇವು ಬೇರೆ ಬೇರೆ. ನೆಟ್‌ವರ್ಕ್ ಕಾರ್ಡಿನಂಥ ಸಾಧನವನ್ನು ನೇರವಾಗಿ ವರ್ಚುವಲ್ ಮೆಷಿನ್‌ಗೆ ಒಪ್ಪಿಸಲು ಬೇಕಾದದ್ದು ವಿಟಿ-ಡಿ. ನಮಗೆ ಬೇಕಿದ್ದದ್ದು ಮೊದಲನೆಯದು. ಎಎಂಡಿ ಯಂತ್ರಗಳಲ್ಲಿ ಇದನ್ನು ‘ಎಸ್‌ವಿಎಂ ಮೋಡ್’ ಎಂದು ಕರೆಯುತ್ತಾರೆ. ಆನ್ ಮಾಡಿ, ಸೇವ್ ಮಾಡಿ, ರೀಸ್ಟಾರ್ಟ್ ಮಾಡಿದೆವು. ಮತ್ತೆ ಸೊನ್ನೆ! ಕೆಲವು ಯಂತ್ರಗಳಲ್ಲಿ ಈ ಬದಲಾವಣೆ ಜಾರಿಗೆ ಬರಲು ರೀಸ್ಟಾರ್ಟ್ ಸಾಲದು, ವಿದ್ಯುತ್ತನ್ನೇ ಪೂರ್ತಿ ಕಡಿಯಬೇಕು. ಎರಡೂ ಪವರ್ ಕೇಬಲ್ ಕಿತ್ತು, ಒಂದು ನಿಮಿಷ ಕಾದು, ಮತ್ತೆ ಹಾಕಿದೆವು. ಈ ಸಲ ಪರದೆಯ ಮೇಲೆ 24 ಬಂತು. ಆ ಕೋಣೆಯಲ್ಲಿ ಎದ್ದ ಗದ್ದಲ ಕೇಳಿ ಪಕ್ಕದ ಗ್ರಂಥಾಲಯದಿಂದ ಮೇಡಂ ಬಂದು ನಮ್ಮನ್ನು ಗದರಿಸಿದರು.

ಮೂರನೆಯದು, ಬೇರೆ ಯಾರಾದರೂ ಅದನ್ನು ಹಿಡಿದುಕೊಂಡಿದ್ದಾರೆಯೇ? ಇದು ಸರ್ವರ್‌ಗಿಂತ ಲ್ಯಾಬಿನ ವಿಂಡೋಸ್ ಯಂತ್ರಗಳಿಗೆ ಹೆಚ್ಚು ಅನ್ವಯಿಸುತ್ತದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ‘ವರ್ಚುವಲೈಸೇಶನ್: ಎನೇಬಲ್ಡ್’ ಎಂದು ಇದ್ದರೂ ವರ್ಚುವಲ್‌ಬಾಕ್ಸ್ ತಕರಾರು ಮಾಡಬಹುದು. ಆಗ ಹೆಚ್ಚಾಗಿ ವಿಂಡೋಸ್‌ನ ಸ್ವಂತ ಹೈಪರ್-ವಿ, ಅಥವಾ ‘ಮೆಮೊರಿ ಇಂಟೆಗ್ರಿಟಿ’ ಎಂಬ ಭದ್ರತಾ ಸೌಲಭ್ಯ ಅದನ್ನು ಮೊದಲೇ ಬಳಸುತ್ತಿರುತ್ತದೆ. ಲಿನಕ್ಸ್‌ನಲ್ಲೂ ಕೆವಿಎಂ ಮತ್ತು ವರ್ಚುವಲ್‌ಬಾಕ್ಸ್ ಒಟ್ಟಿಗೆ ನಡೆಸಲು ಹೋದರೆ ಇಂಥದೇ ಜಗಳ.

ನಾಲ್ಕನೆಯದು, ಬಳಸುವವರಿಗೆ ಅನುಮತಿ ಇದೆಯೇ? ಸರ್ ಖಾತೆಯಲ್ಲಿ ಚೆನ್ನಾಗಿ ಓಡಿದ ವರ್ಚುವಲ್ ಮೆಷಿನ್ ನಮ್ಮ ಖಾತೆಯಲ್ಲಿ ಓಡಲಿಲ್ಲ. ನಮ್ಮನ್ನು ಕೆವಿಎಂ ಗುಂಪಿಗೆ ಸೇರಿಸಿರಲಿಲ್ಲ. ಸೇರಿಸಿ, ಹೊರಹೋಗಿ ಮತ್ತೆ ಲಾಗಿನ್ ಆದಮೇಲೆ ಸರಿಯಾಯಿತು.

ಇಷ್ಟೇ. ಒಂದು ರೂಪಾಯಿಯ ಬಿಡಿಭಾಗವೂ ಬೇಕಾಗಲಿಲ್ಲ. ಆದರೆ ಆ ಹತ್ತು ವಾರಗಳಲ್ಲಿ ನಮ್ಮ ಬ್ಯಾಚು ಲಿನಕ್ಸ್ ಪಾಠವನ್ನು ಬೋರ್ಡಿನ ಮೇಲೆಯೇ ನೋಡಿತು. ಕೊಟೇಶನ್ ಆಡಳಿತ ಮಂಡಳಿಯ ಮುಂದೆ ಹೋಗುವುದರಲ್ಲಿತ್ತು. ಹೋಗಿ ಮಂಜೂರಾಗಿದ್ದರೆ ಯಾರದೋ ಶುಲ್ಕ ರಿಯಾಯಿತಿಗೋ ಗ್ರಂಥಾಲಯಕ್ಕೋ ಸಿಗಬಹುದಾಗಿದ್ದ ಹಣ ಒಂದು ಸ್ವಿಚ್ಚಿನ ಬದಲಿಗೆ ಖರ್ಚಾಗುತ್ತಿತ್ತು. ದಾನ ಕೊಟ್ಟವರ ಯಂತ್ರ ಗುಜರಿಗೆ ಹೋಗುತ್ತಿತ್ತು.

ಕೆಲವು ಉಪನ್ಯಾಸಕರ ಆಕ್ಷೇಪ ನನಗೆ ಗೊತ್ತು. ವಿದ್ಯಾರ್ಥಿಗಳ ಕೈಗೆ ಬಯೋಸ್ ಕೊಟ್ಟರೆ ಇಡೀ ಲ್ಯಾಬ್ ಮಲಗುತ್ತದೆ, ಪ್ರಾಯೋಗಿಕ ಪರೀಕ್ಷೆಯ ದಿನ ಯಂತ್ರ ಏಳದಿದ್ದರೆ ಯಾರು ಹೊಣೆ ಎಂದು ಅವರು ಕೇಳುತ್ತಾರೆ. ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ವರ್ಚುವಲೈಸೇಶನ್ ಸೌಲಭ್ಯವೂ ಅಪಾಯವಿಲ್ಲದ್ದೇನಲ್ಲ. 2006ರಲ್ಲಿ ಜೊಆನಾ ರುಟ್ಕೋವ್ಸ್ಕಾ ಎಂಬ ಭದ್ರತಾ ತಜ್ಞೆ ‘ಬ್ಲೂ ಪಿಲ್’ ಎಂಬ ಪ್ರಯೋಗ ತೋರಿಸಿದರು. ಓಡುತ್ತಿರುವ ಆಪರೇಟಿಂಗ್ ಸಿಸ್ಟಂ ಅನ್ನೇ, ಅದಕ್ಕೆ ತಿಳಿಯದಂತೆ, ವರ್ಚುವಲ್ ಮೆಷಿನ್‌ನೊಳಗೆ ಜಾರಿಸುವ ಪ್ರಯೋಗ ಅದು. ಆದ್ದರಿಂದ ಬಯೋಸ್‌ಗೆ ಪಾಸ್‌ವರ್ಡ್ ಇರಲೇಬೇಕು. ನನ್ನ ತಕರಾರು ಪಾಸ್‌ವರ್ಡ್ ಇರುವುದಕ್ಕಲ್ಲ. ಅದು ಯಾರಿಗೂ ಗೊತ್ತಿಲ್ಲದಿರುವುದಕ್ಕೆ. ಕೀ ಕಳೆದುಕೊಂಡ ಬೀಗದಿಂದ ಕಳ್ಳನಿಗಿಂತ ಮನೆಯವರಿಗೇ ತೊಂದರೆ.

ಆದ್ದರಿಂದ ಪ್ರಾಂಶುಪಾಲರ ಮತ್ತು ಆಡಳಿತ ಮಂಡಳಿಯ ಮುಂದೆ ಮೂರು ಕೋರಿಕೆಗಳನ್ನು ಇಡುತ್ತೇನೆ.

ಒಂದು, ಸರ್ವರ್‌ಗೂ ಲ್ಯಾಬಿನ ಪ್ರತಿ ಯಂತ್ರಕ್ಕೂ ಒಂದು ದಾಖಲೆ ಪುಸ್ತಕ ಬೇಕು. ಪ್ರೊಸೆಸರ್ ಯಾವುದು, ಬಯೋಸ್‌ನಲ್ಲಿ ಏನು ಬದಲಿಸಿದ್ದೇವೆ, ಯಾವ ದಿನ, ಯಾರು ಎಂಬುದನ್ನು ಅದರಲ್ಲಿ ಬರೆಯಬೇಕು. ಪಾಸ್‌ವರ್ಡ್ ಮಾತ್ರ ಮುಚ್ಚಿದ ಲಕೋಟೆಯಲ್ಲಿ ಕಚೇರಿಯ ಬೀರುವಿನಲ್ಲಿರಲಿ.

ಎರಡು, ಯಾವ ಯಂತ್ರವನ್ನಾದರೂ ‘ಬದಲಿಸಬೇಕು’ ಎಂದು ಬರೆಯುವ ಮೊದಲು ಏನೇನು ಪರೀಕ್ಷಿಸಲಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ಆ ಹಾಳೆ ಇಲ್ಲದ ಕೊಟೇಶನ್ ಮುಂದೆ ಹೋಗಬಾರದು.

ಮೂರು, ತಿಂಗಳಿಗೆ ಒಂದು ಪ್ರಾಯೋಗಿಕ ತರಗತಿಯನ್ನು ದೋಷ ಹುಡುಕುವುದಕ್ಕೇ ಇಡಬೇಕು. ಉಪನ್ಯಾಸಕರು ಒಂದು ಹಳೆಯ ಡೆಸ್ಕ್‌ಟಾಪಿನಲ್ಲಿ ಬೇಕೆಂದೇ ಒಂದು ದೋಷ ಮಾಡಿಡಲಿ, ನಾವು ಕಾರಣ ಹುಡುಕುತ್ತೇವೆ. ಈಗ ನಮ್ಮ ರೆಕಾರ್ಡ್ ಬುಕ್ಕಿನಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಂಗಳು ಮಾತ್ರ ಇವೆ. ಓಡದಿದ್ದಾಗ ಏನು ಮಾಡಿದೆವು ಎಂಬುದಕ್ಕೆ ಅಲ್ಲಿ ಒಂದು ಪುಟವೂ ಇಲ್ಲ.

ಮೊದಲ ಕೋರಿಕೆಯ ಉಪಯೋಗವನ್ನು ನಾವು ಆಗಲೇ ಕಂಡಿದ್ದೇವೆ. ಆಗಸ್ಟ್‌ನಲ್ಲಿ ಸರ್ ಹೇಳಿದಂತೆ ನೂರು ಪುಟದ ನೋಟ್‌ಬುಕ್ ಒಂದನ್ನು ಸರ್ವರ್ ಪಕ್ಕಕ್ಕೆ ದಾರದಲ್ಲಿ ಕಟ್ಟಿದೆವು. ದಸರಾ ರಜೆ ಮುಗಿಸಿ ಬಂದಾಗ ವರ್ಚುವಲ್ ಮೆಷಿನ್‌ಗಳು ಮತ್ತೆ ಏಳಲಿಲ್ಲ. ರಜೆಯುದ್ದಕ್ಕೂ ಮೇನ್ ಸ್ವಿಚ್ ಆಫ್ ಆಗಿತ್ತು. ಪ್ರಥಮ ಪಿಯುಸಿಯ ಇಬ್ಬರು ನೋಟ್‌ಬುಕ್ ತೆರೆದು, ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳುತ್ತಾ ಹೋದರು. ಬಯೋಸ್‌ನಲ್ಲಿ ಸೌಲಭ್ಯ ಮತ್ತೆ ಆಫ್ ಆಗಿತ್ತು, ಜೊತೆಗೆ ದಿನಾಂಕವೂ ವರ್ಷಗಳಷ್ಟು ಹಿಂದಕ್ಕೆ ಹೋಗಿತ್ತು. ಮದರ್‌ಬೋರ್ಡಿನ ಮೇಲಿನ ಸಿಆರ್2032 ಎಂಬ ನಾಣ್ಯದಂಥ ಸೆಲ್ ಸತ್ತಿತ್ತು. ವಿದ್ಯುತ್ ಇಲ್ಲದಾಗ ಬಯೋಸ್‌ನ ಸೆಟ್ಟಿಂಗ್ ಮತ್ತು ಗಡಿಯಾರವನ್ನು ಉಳಿಸುವುದು ಅದೇ. ಪೇಟೆಯ ವಾಚ್ ಅಂಗಡಿಯಿಂದ ಹೊಸ ಸೆಲ್ ತಂದು ಹಾಕಿದರು, ಸೆಟ್ಟಿಂಗ್ ಮತ್ತೆ ಆನ್ ಮಾಡಿದರು, ದಿನಾಂಕ ಸಮೇತ ಪುಸ್ತಕದಲ್ಲಿ ಬರೆದರು. ನಾವು ಹತ್ತು ವಾರ ತೆಗೆದುಕೊಂಡ ಕೆಲಸ ಅವರಿಗೆ ಒಂದು ಪೀರಿಯಡ್‌ನಲ್ಲಿ ಮುಗಿಯಿತು.

ಮಾರ್ಚ್‌ಗೆ ನಮ್ಮ ಬ್ಯಾಚು ಹೊರಡುತ್ತದೆ. ನೋಟ್‌ಬುಕ್ಕಿನಲ್ಲಿ ಇನ್ನೂ ತೊಂಬತ್ತು ಪುಟ ಖಾಲಿ ಇವೆ. ಮುಂದಿನವರು ಬರೆಯುತ್ತಾ ಹೋಗಲಿ. ಅದಕ್ಕೆ ಬೇಕಾದ ಒಂದು ಪೀರಿಯಡ್ ಮತ್ತು ಒಂದು ಲಕೋಟೆಯನ್ನು ಕಾಲೇಜು ಕೊಡಲಿ.

— ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿ